ಒಂಬತ್ತು ವರ್ಷ, ಒಂದೇ ಮುಖ

ಮನೆಯವರೆಲ್ಲ ಅವನಿಗೆ ‘ಇನ್ನೊಂದು’ ಎಂದೇ ಹೆಸರಿಟ್ಟಿದ್ದರು. ಅಮ್ಮನ ಹುಟ್ಟುಹಬ್ಬಕ್ಕೆ ವರ್ಷಕ್ಕೊಮ್ಮೆ ಇಡೀ ಬಳಗ ಸೇರಿದಾಗ ಕ್ಯಾಮೆರಾ ಹಿಡಿಯುವವನು ಅವನೇ, ಎಷ್ಟು ತೆಗೆದರೂ ತೃಪ್ತಿಯಿಲ್ಲದೆ ‘ಇನ್ನೊಂದು, ಇನ್ನೊಂದೇ ಒಂದು’ ಎಂದು ಗೋಗರೆಯುವವನೂ ಅವನೇ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ ಇಟ್ಟಿದ್ದ. ಫೋಟೋ ಹುಚ್ಚು ಮಾತ್ರ ಯಾವ ನಂಬರಿನ ಕನ್ನಡಕ ಹಾಕಿದರೂ ಇಳಿಯುವಂಥದ್ದಲ್ಲ.

ಹುಚ್ಚೆಂದರೆ ಸಾಮಾನ್ಯದ್ದೇ? ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೇರಿಸಿ, ಉದ್ದದವರನ್ನು ಹಿಂದೆ ನಿಲ್ಲಿಸಿ, ಮಕ್ಕಳನ್ನು ಮುಂದೆ ಕೂರಿಸಿ, ಅಮ್ಮನ ಕುರ್ಚಿಯನ್ನು ನಡುವೆ ಎಳೆದು ಶುರುಮಾಡುತ್ತಿದ್ದ. ಭುಜ ಒಂಚೂರು ಓರೆ. ಗದ್ದ ಕೆಳಗೆ. ಕೈಗಳನ್ನು ಸೋರೆಕಾಯಿಯ ಹಾಗೆ ಜೋತುಬಿಡಬೇಡಿ. ಕನ್ನಡಕದವರು ಮುಖ ಸ್ವಲ್ಪ ಬಗ್ಗಿಸಿ, ಇಲ್ಲದಿದ್ದರೆ ಗಾಜಿನಲ್ಲಿ ಕಿಟಕಿ ಕಾಣುತ್ತದೆ. ಅಷ್ಟರಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಚಿವುಟಿ ರಂಪ ಎಬ್ಬಿಸುತ್ತಿದ್ದವು, ಭಾವ ಆಕಳಿಸುತ್ತಿದ್ದ, ಒಳಗಿನಿಂದ ಕ್ಯಾಮೆರಾದವನ ಹೆಂಡತಿ “ರೀ, ಊಟ ಆರಿಹೋಗ್ತಿದೆ” ಎಂದು ಕೂಗುತ್ತಿದ್ದಳು.

ಇಷ್ಟೆಲ್ಲ ಹೆಣಗಿ ಜೋಡಿಸಿದ್ದನ್ನು ಕೆಡಿಸುವವಳು ಅಕ್ಕ. ಒಂದು, ಎರಡು ಎನ್ನುವ ತನಕ ಗೊಂಬೆಯ ಹಾಗೆ ನಿಂತಿರುವಳು. ಮೂರು ಎಂದನೋ, ಗಪ್ಪನೆ ಕಣ್ಣು ಮುಚ್ಚಿಕೊಳ್ಳುವಳು. ಜಪ್ಪಯ್ಯ ಅಂದರೂ ತೆರೆಯಳು.

“ಅಕ್ಕಾ, ಒಂದು ಕ್ಷಣ ಕಣ್ಣು ಬಿಟ್ಕೊಂಡಿರೋಕೆ ಏನೇ ಕಷ್ಟ?”

“ನೀನು ಮೂರು ಅನ್ನೋದು ಗುಂಡು ಹೊಡೆಯೋ ಹಾಗಿರುತ್ತೆ ಕಣೋ. ನಾನೇನ್ ಮಾಡ್ಲಿ?” ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವರು, ಸಾಲು ಚೆಲ್ಲಾಪಿಲ್ಲಿಯಾಗುವುದು, ಮತ್ತೆ ಮೊದಲಿಂದ ಗದ್ದ, ಭುಜ, ಕೈ.

ಮೊದಲ ವರ್ಷ ಅದೃಷ್ಟಕ್ಕೆ ಒಂದರಲ್ಲಿ ಅಕ್ಕ ಕಣ್ಣು ಬಿಟ್ಟಿದ್ದಳು. ತುಟಿಯಂಚಿನಲ್ಲಿ ಸಣ್ಣ ನಗು, ಮುಖದ ತುಂಬ ಬೆಳಕು. ಎರಡನೆಯ ವರ್ಷ ಇಪ್ಪತ್ತು ತೆಗೆದರೂ ಒಂದೂ ಸರಿಬರಲಿಲ್ಲ. ಕಂಪ್ಯೂಟರಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತವನಿಗೆ ಒಂದು ಉಪಾಯ ಹೊಳೆಯಿತು. ಹಿಂದಿನ ವರ್ಷದ ಆ ಮುಖವನ್ನೇ ಕತ್ತರಿಸಿ ತಂದು ಈ ವರ್ಷದ ಕತ್ತಿನ ಮೇಲೆ ಕೂರಿಸಿದ. ಬಣ್ಣ ಹೊಂದಿಸಿದ, ಅಂಚು ನಯಮಾಡಿದ. ಯಾರಿಗೂ ಗೊತ್ತಾಗಲಿಲ್ಲ. ಎಂಥಾ ಕೈಚಳಕ ನನ್ನದು ಎಂದು ಒಳಗೊಳಗೇ ಬೀಗಿದ. ಮೂರನೆಯ ವರ್ಷವೂ ಅದೇ ಮುಖ, ನಾಲ್ಕನೆಯ ವರ್ಷವೂ ಅದೇ. ಒಂದು ಚಂದದ ಫೋಟೋ ಸಿದ್ಧವಾದ ಮೇಲೆ ಉಳಿದವನ್ನೆಲ್ಲ ಅಲ್ಲಿಂದಲ್ಲಿಗೇ ಅಳಿಸಿಬಿಡುತ್ತಿದ್ದ. ಕಣ್ಣು ಮುಚ್ಚಿದ್ದು, ಅಲುಗಿದ್ದು, ಬಾಯಿ ಬಿಟ್ಟಿದ್ದು, ಈ ಕಸವನ್ನೆಲ್ಲ ಕಟ್ಟಿಕೊಂಡು ಯಾರಿಗೇನಾಗಬೇಕು? ಹಾಗಂದುಕೊಂಡಿದ್ದ, ಪುಣ್ಯಾತ್ಮ.

ಎಂಟನೆಯ ವರ್ಷದ ಫೋಟೋ ನೋಡಿ ಅಕ್ಕ ಜೋರಾಗಿ ನಕ್ಕಳು. “ನೋಡ್ರೋ, ನೀವೆಲ್ಲ ಮುದುಕರಾಗ್ತಿದೀರ. ನಾನೊಬ್ಳೇ ಹಾಗೇ ಇದೀನಿ!” ಎಲ್ಲರ ಜೊತೆ ಅವನೂ ನಕ್ಕ. ಆಮೇಲೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತ, ತಿರುಗಿ ನೋಡದೆಯೇ ಕೇಳಿದಳು: “ಈಗಿನ ನನ್ನ ಮುಖ ಅಷ್ಟು ಕೆಟ್ಟದಾಗಿದೆಯೇನೋ?”

“ಛೆ ಛೆ, ಹಾಗಲ್ಲ ಅಕ್ಕ. ನೀನು ಕಣ್ಣು ಮುಚ್ಕೊಳ್ತೀಯಲ್ಲ, ಅದಕ್ಕೆ.”

“ಮುಚ್ಚಿದ್ರೆ ಮುಚ್ಲಿ ಬಿಡೋ ಮಾರಾಯ” ಎಂದಳು.

ಬಿಟ್ಟನೇ? ಇಲ್ಲ. ಮರುವರ್ಷ ಅಕ್ಕ ಕಾಯಿಲೆಯಿಂದ ಎದ್ದು ಬಂದಿದ್ದಳು. ಉದುರಿದ ಕೂದಲು ಗಿಡ್ಡಕ್ಕೆ ಚಿಗುರಿತ್ತು, ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ಅವತ್ತೂ ಸಾಲಿನಲ್ಲಿ ನಿಂತಳು, ಮೂರು ಎಂದಾಗ ಕಣ್ಣು ಮುಚ್ಚಿದಳು. ಹದಿನೇಳು ಫೋಟೋ ತೆಗೆದ. ಅವಳಿಗೊಂದು ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡೇ ಹಳೆಯ ಮುಖ ಅಂಟಿಸಿ, ಮಿಕ್ಕಿದ್ದನ್ನು ಅಳಿಸಿದ. ನಾಲ್ಕು ತಿಂಗಳಿಗೆ ಅಕ್ಕ ತೀರಿಕೊಂಡಳು.

ಅಕ್ಕನ ಮಗಳು ಒಂದು ಮಧ್ಯಾಹ್ನ ಅಂಗಡಿಗೆ ಬಂದಳು. ಕಾಲೇಜು ಮುಗಿಸುತ್ತಿದ್ದ ಹುಡುಗಿ. ಕೂರು ಎಂದರೂ ಕೂರಲಿಲ್ಲ. ಚೀಲದಿಂದ ಒಂಬತ್ತು ಫೋಟೋ ತೆಗೆದು ಗಾಜಿನ ಕೌಂಟರಿನ ಮೇಲೆ ಸಾಲಾಗಿ ಇಟ್ಟಳು.

“ಮಾವ, ಕಿವಿ ಮುಂದೆ ಇಳಿದಿರೋ ಈ ಒಂದೆಳೆ ಕೂದಲು ನೋಡಿ. ಒಂಬತ್ತರಲ್ಲೂ ಇದೆ.”

ಅವನು ಫೋಟೋಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ.

“ಜಗಳ ಆಡೋಕೆ ಬಂದಿಲ್ಲ ನಾನು. ಹೋದ ವರ್ಷದ್ದು, ನೀವು ತೆಗೆದಾಗ ಹೇಗಿತ್ತೋ ಹಾಗೇ ಇರೋದು ಒಂದು ಕೊಡಿ, ಸಾಕು. ನನ್ನ ಫೋನಲ್ಲಿ ಬರೀ ನಾನೇ ಇದೀನಿ. ಅಮ್ಮನ ಫೋನಲ್ಲೂ ನಾನೇ. ಆಸ್ಪತ್ರೆಯಿಂದ ಬಂದ್ಮೇಲೆ ಒಂದು ತೆಗೀತೀನಿ ಅಂತ ಎಷ್ಟು ಬೇಡಿಕೊಂಡ್ರೂ ನಿಲ್ಲಲಿಲ್ಲ. ‘ಮಾವ ತೆಗೆದಿದಾನಲ್ಲ, ಬಿಡೇ’ ಅಂತಿದ್ಲು.”

“ಹುಡುಕ್ತೀನಿ. ನಾಳೆ ಬಾಮ್ಮ” ಎಂದ. ಇಲ್ಲವೆಂದು ಗೊತ್ತಿದ್ದೂ ಹಾಗೆಂದ.

ಅವಳು ಹೋದ ಮೇಲೆ ಅಂಗಡಿಯ ಬಾಗಿಲೆಳೆದು ಎಲ್ಲವನ್ನೂ ಜಾಲಾಡಿದ. ಕಂಪ್ಯೂಟರಿನಲ್ಲಿ ಇರಲಿಲ್ಲ. ಅಳಿಸಿದ ಫೋಟೋಗಳನ್ನು ವಾಪಸು ತೆಗೆದುಕೊಡುವ ಕಂಪ್ಯೂಟರ್ ರಿಪೇರಿಯವನ ಬಳಿಗೆ ಮೆಮೊರಿ ಕಾರ್ಡ್ ಹಿಡಿದುಕೊಂಡು ಓಡಿದ. ಆ ಮನುಷ್ಯ ಸಂಜೆಯವರೆಗೆ ತಡಕಾಡಿ ತಲೆಯಾಡಿಸಿದ. “ಇದರ ಮೇಲೆ ಮೂರ್ನಾಲ್ಕು ಸಲ ಬೇರೆ ಫೋಟೋ ತುಂಬಿಸಿದೀರ ಸಾರ್. ಹಳೇದು ಏನೂ ಉಳಿದಿಲ್ಲ.” ತುಂಬಿಸಿದ್ದು ಏನು? ಅಂಗಡಿಗೆ ಬಂದ ಹೊಸ ಫ್ರೇಮುಗಳ ಫೋಟೋ.

ಮರುದಿನ ಬೆಳಿಗ್ಗೆ, ಹೇಳಲು ನಾಚಿಕೆಯಾಗಬೇಕಾದ ಒಂದು ಕೆಲಸಕ್ಕೆ ಕೈಹಾಕಿದ. ಅದೇ ಹಳೆಯ ಮುಖ ತೆರೆದು, ಕೂದಲು ಗಿಡ್ಡ ಮಾಡಿ, ಕೆನ್ನೆ ಇಳಿಸಿ, ಕಣ್ಣು ಮುಚ್ಚಿಸಿ ಕೊಟ್ಟುಬಿಟ್ಟರೆ? ಹುಡುಗಿಗೆ ಸಮಾಧಾನವಾದರೂ ಆದೀತು. ಕೂದಲು ಗಿಡ್ಡವಾಯಿತು. ಕೆನ್ನೆಗೆ ಬಂದಾಗ ಕೈ ನಿಂತಿತು. ಗುಳಿ ಬಿದ್ದದ್ದು ಎರಡೂ ಕಡೆಯೋ, ಒಂದೇ ಕಡೆಯೋ? ಹುಬ್ಬು ಮತ್ತೆ ಬಂದಿತ್ತೋ ಇಲ್ಲವೋ? ಹಣೆಯ ಮೇಲೆ ಗೆರೆ ಎಷ್ಟು? ಹದಿನೇಳು ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದ್ದವನು ಅವನೇ. ಒಂದೂ ನೆನಪಾಗಲಿಲ್ಲ. ಮಾಡಿದ್ದನ್ನು ಉಳಿಸದೆ ಮುಚ್ಚಿದ.

ಮಧ್ಯಾಹ್ನ ಹುಡುಗಿ ಬಂದಳು. ಅವಳ ಮುಖ ನೋಡಲಾರದೆ ಕೌಂಟರಿನ ಗಾಜು ಒರೆಸುತ್ತ ಹೇಳಿದ: “ಇಲ್ಲಮ್ಮ. ಎಲ್ಲಾ ಅಳಿಸಿಬಿಟ್ಟಿದೀನಿ. ನಾನೇ ಕೈಯಾರೆ ಅಳಿಸಿದ್ದು. ತಪ್ಪಾಯ್ತು.” ಬೈದಾಳೆಂದು ಕಾದ, ಬೈದರೆ ಸಾಕು ಎಂದೂ ಅನ್ನಿಸಿತು.

ಅವಳು ಬೈಯಲಿಲ್ಲ. ಗಿರಾಕಿಗಳು ಕೂರುವ ಸ್ಟೂಲನ್ನು ಎಳೆದುಕೊಂಡು ಎದುರಿಗೆ ಕೂತಳು.

“ಹೋಗ್ಲಿ ಬಿಡಿ. ನಾನು ಅವತ್ತು ಅಮ್ಮನ ಪಕ್ಕದಲ್ಲೇ ನಿಂತಿದ್ದೆ, ನಿಮ್ಮ ಕ್ಯಾಮೆರಾನೇ ನೋಡ್ತಿದ್ದೆ. ಅವಳ ಮುಖ ನನಗೆ ಕಾಣಲಿಲ್ಲ. ನೀವು ಎದುರಿಗಿದ್ರಲ್ಲ ಮಾವ, ಹದಿನೇಳು ಸಲ ನೋಡಿದೀರ, ನಾನೇ ಎಣಿಸಿದ್ದೆ. ಹೇಗಿದ್ಲು ಹೇಳಿ.”

ಒರೆಸುವ ಬಟ್ಟೆ ಅವನ ಕೈಯಲ್ಲೇ ಉಳಿಯಿತು.

“ಕಣ್ಣು ಮುಚ್ಕೊಂಡಿದ್ಲು” ಎಂದ.

“ಆಮೇಲೆ?” ಎಂದು ಕೇಳಿ ಹುಡುಗಿ ಕಾಯುತ್ತ ಕೂತಳು.