ನಲವತ್ತು ಖಾಲಿ ಗುಳಿಗಳು

ಬೆಣ್ಣೆಗೆ ಮಣ್ಣು ಮುಕ್ಕಿಸಲು ನನಗೆ ಸರಿಯಾಗಿ ನಾಲ್ಕು ತಿಂಗಳು ಹಿಡಿಯಿತು. ಅತಿಯಾಯಿತು ಎನ್ನುವವರಿದ್ದಾರೆ. ಅನ್ನಲಿ. ಹೊಟ್ಟೆ ಉರಿದದ್ದು ಅವರದಲ್ಲ, ನನ್ನದು.

ಬೆಣ್ಣೆ ಅಂದರೆ ನಮ್ಮ ಲ್ಯಾಬಿನ ಸೀನಿಯರ್. ಆ ಹೆಸರು ನಾನೇ ಇಟ್ಟದ್ದು, ಅವನಿಗೆ ಗೊತ್ತಿಲ್ಲ. ಬಾಯಿ ಬಿಟ್ಟರೆ ಅಷ್ಟು ನಯ. ಅವನಪ್ಪ ಲ್ಯಾಬು ಇರುವ ಊರಿನ ದೊಡ್ಡ ಮನುಷ್ಯರು. ಯಾರ ಮಗಳು ಯಾರ ಜೊತೆ ಮಾತಾಡಿದಳು, ಯಾರ ಮಗ ಎಷ್ಟು ಹೊತ್ತಿಗೆ ಮನೆ ಸೇರಿದ ಎಂಬ ಪಂಚಾಯಿತಿಯೆಲ್ಲ ಅವರ ಜಗಲಿಯಲ್ಲೇ ಇತ್ಯರ್ಥವಾಗುತ್ತಿತ್ತು. ಊರು ಅಂಥದ್ದು. ಇಸ್ತ್ರಿ ಅಂಗಡಿಯವನನ್ನು ಕೇಳಿದರೆ ಸಾಕು, ಯಾವ ಮನೆಗೆ ಯಾವ ನೆಂಟರು ಬಂದು ಎಷ್ಟು ದಿನ ಇದ್ದರು ಎಂದು ಬಾಯಿಪಾಠ ಒಪ್ಪಿಸುತ್ತಿದ್ದ.

ಇದೆಲ್ಲ ಗೊತ್ತಿದ್ದೇ ನಾನು ಪಿಎಚ್‌ಡಿ ಮಾಡಲು ಅಲ್ಲಿಗೆ ಹೋದೆ. ಮೀನಿನ ವಯಸ್ಸು ಹೇಳುವುದರಲ್ಲಿ ನಮ್ಮ ಗೈಡ್ ಮೇಡಂ ಅವರನ್ನು ಬಿಟ್ಟರಿಲ್ಲ, ಅವರ ಲ್ಯಾಬು ಇರುವುದು ಆ ಊರಿನ ಕೆರೆಯ ದಂಡೆಯಲ್ಲಿ. ಹೊರಡುವಾಗ ಕನ್ನಡಕದವನು ಮುಖ ಸಣ್ಣದು ಮಾಡಿಕೊಂಡಿದ್ದ. ಅವನು ನನ್ನವನು. ನಾನು ಮೊದಲಿದ್ದ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ, ಗಾಜನ್ನು ತಾನೇ ಉಜ್ಜುತ್ತಾನೆ. ನನ್ನ ಕಣ್ಣು ಪರೀಕ್ಷೆ ಮಾಡುತ್ತಾ ಮಾಡುತ್ತಾ ಐದು ವರ್ಷದಿಂದ ನನ್ನನ್ನು ಸಹಿಸಿಕೊಂಡಿದ್ದಾನೆ.

"ಮೂರು ವರ್ಷ ಅಷ್ಟೇ ಕಣೋ," ಎಂದಿದ್ದೆ.

"ಮೂರು ಅಂದ್ರೆ ಮೂರು. ನಾಲ್ಕನೇದಕ್ಕೆ ನಾನು ಜವಾಬ್ದಾರನಲ್ಲ," ಎಂದಿದ್ದ.

ಮೊದಲ ವರ್ಷ ಚೆನ್ನಾಗಿಯೇ ಇತ್ತು. ರಿಟೈರಾದ ಹೆಡ್‌ಮಾಸ್ಟರರ ಮನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಕನ್ನಡಕದವನು ಎರಡು ಸಲ ಬಂದುಹೋದ, ದೊಡ್ಡಮ್ಮನ ಮಗ ಎಂದು ಹೇಳಿದ್ದೆ. ಹೆಡ್‌ಮಾಸ್ಟರರ ಹೆಂಡತಿ ಅವನಿಗೆ ಒತ್ತಾಯ ಮಾಡಿ ಬಡಿಸಿ, "ನಿಮ್ಮಣ್ಣ ಎಷ್ಟು ಸಾಧು ನೋಡು, ನೀನೂ ಇದ್ದೀಯ," ಎಂದು ನನಗೆ ಚುಚ್ಚಿದ್ದರು.

ಕೆಲಸ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೀನಿನ ತಲೆಯೊಳಗೆ ಕಿವಿಯ ಜಾಗದಲ್ಲಿ ಅಕ್ಕಿಕಾಳಿನಷ್ಟು ಒಂದು ಕಲ್ಲಿರುತ್ತದೆ. ಅದನ್ನು ತೆಗೆದು, ಕಪ್ಪು ತಟ್ಟೆಯ ಗುಳಿಯಲ್ಲಿ ಅಂಟು ಹಾಕಿ ಕೂರಿಸಿ, ತೆಳ್ಳಗೆ ಉಜ್ಜಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ವರ್ಷಕ್ಕೊಂದರಂತೆ ಉಂಗುರ ಕಾಣುತ್ತದೆ. ಉಂಗುರ ಎಣಿಸಿದರೆ ಮೀನಿನ ವಯಸ್ಸು. ಕಣ್ಣು ಮೋಸ ಮಾಡಬಹುದು ಎಂದು ಪ್ರತಿ ಕಲ್ಲನ್ನೂ ಇಬ್ಬರು ಎಣಿಸಬೇಕು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಕೂಡದು. ಪುಸ್ತಕಗಳನ್ನು ಮನೆಗೆ ಒಯ್ಯುವಂತಿಲ್ಲ, ಡ್ರಾಯರಿನಲ್ಲೇ ಇರಬೇಕು. ಮೇಡಂ ಇಟ್ಟ ಕಟ್ಟುನಿಟ್ಟು ಇವಿಷ್ಟೇ. ಕಲ್ಲು ಕೂರಿಸಿ ಮೊದಲು ಎಣಿಸುವವನು ನಾನು, ಎರಡನೆಯವನು ಬೆಣ್ಣೆ.

ಬೆಣ್ಣೆ ಎಣಿಸುತ್ತಿರಲಿಲ್ಲ. ನಾನು ಊಟಕ್ಕೆ ಹೋದಾಗ ನನ್ನ ಪುಸ್ತಕ ತೆಗೆದು ಕಾಪಿ ಹೊಡೆಯುತ್ತಿದ್ದ, ಅನುಮಾನ ಬಾರದಿರಲಿ ಎಂದು ಹತ್ತಕ್ಕೊಂದು ಅಂಕಿ ಹೆಚ್ಚುಕಡಿಮೆ ಮಾಡುತ್ತಿದ್ದ. ನನಗೆ ಇದು ತಿಳಿದದ್ದು ನನ್ನದೇ ಎಡವಟ್ಟಿನಿಂದ. ಒಂದು ಕಲ್ಲಿಗೆ ಏಳು ಎಂದು ಬರೆದ ಮೇಲೆ, ಇನ್ನೂ ಚೂರು ಉಜ್ಜೋಣ ಎಂದು ಹೋಗಿ ಅದನ್ನು ಪುಡಿ ಮಾಡಿದೆ. ಪುಸ್ತಕದಲ್ಲಿ ಹೊಡೆದುಹಾಕಲು ಮರೆತೆ. ವಾರ ಕಳೆದು ಇಬ್ಬರ ಪಟ್ಟಿ ಸೇರಿಸಿ ಟೈಪ್ ಮಾಡುವಾಗ ನೋಡಿದರೆ ಬೆಣ್ಣೆಯ ಪಟ್ಟಿಯಲ್ಲೂ ಏಳು! ಕಸದಬುಟ್ಟಿ ಸೇರಿದ ಕಲ್ಲಿಗೆ ಏಳು ವರ್ಷ ಹಾಕಿದ್ದ ಪುಣ್ಯಾತ್ಮ.

ನಾನು ನಕ್ಕು ಸುಮ್ಮನಾದೆ. ಸಾಲದ್ದಕ್ಕೆ, ಮೇಡಂ ಕಣ್ಣಿಗೆ ಬೀಳದಿರಲಿ ಎಂದು ಆ ಸಾಲನ್ನೇ ತೆಗೆದುಹಾಕಿದೆ. ಸ್ನೇಹಿತ ಅಂದುಕೊಂಡಿದ್ದೆನಲ್ಲ! ಅಪರಿಚಿತ ಊರಿನಲ್ಲಿ "ಊಟ ಆಯ್ತೇನೋ?" ಎಂದು ಕೇಳುವವನು ಅವನೊಬ್ಬನೇ ಇದ್ದ.

ಅವನಿಗೆ ಹೇಳಿದವನೂ ನಾನೇ. ಒಂದು ಮಧ್ಯಾಹ್ನ ಟೀ ಕುಡಿಯುತ್ತಾ, "ಮದುವೆ ಯಾವಾಗಯ್ಯಾ?" ಎಂದ. ಸುಳ್ಳು ಹೇಳಿ ಹೇಳಿ ಬಾಯಿ ಬತ್ತಿತ್ತು. "ನನಗೆ ಹುಡುಗಿಯರು ಆಗಲ್ಲಪ್ಪ. ಬರ್ತಾನಲ್ಲ, ಅವನು ದೊಡ್ಡಮ್ಮನ ಮಗ ಅಲ್ಲ," ಎಂದೆ. ಬೆಣ್ಣೆ ನನ್ನ ಭುಜದ ಮೇಲೆ ಕೈಯಿಟ್ಟು, "ನನ್ನತ್ರ ಹೇಳಿದ್ದು ಬಾವಿಗೆ ಹಾಕಿದ ಹಾಗೆ. ನೀನು ಆರಾಮಾಗಿರು," ಎಂದ. ನಾನು ಕಣ್ಣಲ್ಲಿ ನೀರು ತಂದುಕೊಂಡೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಎಂಟನೇ ದಿನಕ್ಕೆ ಹೆಡ್‌ಮಾಸ್ಟರರು ಮೆಟ್ಟಿಲ ಬುಡದಲ್ಲಿ ನಿಂತು, "ಕೋಣೆ ನಮಗೆ ಬೇಕಾಗಿದೆ ಕಣಪ್ಪ," ಎಂದರು. ಮುಖ ನೋಡಲಿಲ್ಲ. ಅವರ ಹೆಂಡತಿ ಬಾಗಿಲ ಹಿಂದೆಯೇ ನಿಂತಿದ್ದರು. ಕನ್ನಡಕದವನು ಉಂಡ ತಟ್ಟೆಯನ್ನು ಅವರು ಹೊರಗೆ ಎಸೆದರೆಂದು ಇಸ್ತ್ರಿ ಅಂಗಡಿಯವನಿಂದ ತಿಳಿಯಿತು. ಕ್ಯಾಂಟೀನಿನಲ್ಲಿ ನಾನು ಕೂತರೆ ಬೆಂಚು ಖಾಲಿಯಾಗತೊಡಗಿತು. ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಬೆಣ್ಣೆ ಆಫೀಸಿನ ಫಾರಂ ನೋಡಿ ನಮ್ಮಪ್ಪನ ನಂಬರ್ ತೆಗೆದುಕೊಂಡು ಮನೆಗೂ ಫೋನ್ ಮಾಡಿದ್ದ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿನ್ನ ಸ್ನೇಹಿತರೊಬ್ಬರು ಫೋನ್ ಮಾಡಿದ್ರು. ತುಂಬ ಮರ್ಯಾದಸ್ಥರು. ನೀನು ಇನ್ನು ಅಲ್ಲೇ ಇದ್ದುಬಿಡು," ಎಂದು ಇಟ್ಟುಬಿಟ್ಟರು. ಹಿಂದೆ ಅಮ್ಮ ಅಳುವುದು ಕೇಳಿಸಿತು. ಆಮೇಲೆ ಎಷ್ಟು ಸಲ ಮಾಡಿದರೂ ಯಾರೂ ಎತ್ತಲಿಲ್ಲ.

ಬೆಣ್ಣೆಯನ್ನು ಮೆಟ್ಟಿಲಲ್ಲಿ ಅಡ್ಡಗಟ್ಟಿ ಕೇಳಿದೆ. ಅದೇ ನಯವಾದ ದನಿಯಲ್ಲಿ, "ನಿನ್ನ ಒಳ್ಳೇದಕ್ಕೇ ಕಣೋ. ಒಂದಲ್ಲ ಒಂದಿನ ನೀನೇ ಥ್ಯಾಂಕ್ಸ್ ಹೇಳ್ತೀಯ," ಎಂದ. ಆಗಲೇ ತೀರ್ಮಾನ ಮಾಡಿದೆ. ಕೈಯೆತ್ತಿದರೆ ನನ್ನನ್ನು ಊರೇ ಸೇರಿ ಹೊಡೆಯುತ್ತದೆ. ಇವನನ್ನು ಇವನ ಸೋಮಾರಿತನದಲ್ಲೇ ಹೂಳಬೇಕು.

ಮೋಟರ್ ರಿವೈಂಡಿಂಗ್ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದೆ. ಇಡೀ ದಿನ ಸುಟ್ಟ ವಾರ್ನಿಶ್ ವಾಸನೆ. ಅಂಗಡಿಯವನಿಗೆ ಬಾಡಿಗೆ ಬಂದರೆ ಸಾಕು, ನಾನು ಯಾರ ಜೊತೆ ಮಲಗುತ್ತೇನೆ ಎಂಬುದು ಅವನಿಗೆ ಬೇಕಿರಲಿಲ್ಲ. ಕನ್ನಡಕದವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ನನ್ನ ಯೋಚನೆಯನ್ನೂ ಹೇಳಿದೆ.

"ಬೇಡ ಕಣೋ," ಎಂದ. "ಮನೆ ಹೋಯ್ತು, ರೂಮ್ ಹೋಯ್ತು. ನಮಗೆ ಉಳಿದಿರೋದು ಆ ಡಿಗ್ರಿ ಒಂದೇ. ಅದನ್ನ ಮುಗಿಸ್ಕೊಂಡು ಬಾ. ಆ ಕೊಳಕನ ಸಹವಾಸ ನಿನಗ್ಯಾಕೆ?"

"ಸುಮ್ನೆ ಬಿಡ್ಲಾ ಅವನನ್ನ?"

"ಬಿಡು ಅಂತಿಲ್ಲ. ನನ್ನ ಹತ್ರ ಬಾ ಅಂತಿದೀನಿ. ಈ ಭಾನುವಾರ ಬಾ."

ಭಾನುವಾರ ನನಗೆ ಕೆಲಸವಿತ್ತು. ಭಾನುವಾರ ಲ್ಯಾಬಿನಲ್ಲಿ ಯಾರೂ ಇರುವುದಿಲ್ಲ. ತಟ್ಟೆಗೆ ಕಲ್ಲು ಕೂರಿಸುವಾಗ ನಡುನಡುವೆ ಒಂದೊಂದು ಗುಳಿಗೆ ಬರೀ ಅಂಟು ಹಾಕಿ, ಕಲ್ಲನ್ನು ತೆಗೆದು ನಂಬರ್ ಬರೆದ ಲಕೋಟೆಯಲ್ಲಿ ಭದ್ರವಾಗಿಟ್ಟೆ. ಮೈಕ್ರೋಸ್ಕೋಪಿನಲ್ಲಿ ಒಂದು ಸಲ ಇಣುಕಿದರೆ ಸಾಕು, ಅಲ್ಲೇನೂ ಇಲ್ಲವೆಂದು ಎಂಥವನಿಗೂ ಗೊತ್ತಾಗುತ್ತದೆ. ಪುಸ್ತಕದಲ್ಲಿ ಮಾತ್ರ ಆ ನಂಬರುಗಳ ಮುಂದೆ ಹತ್ತು, ಹನ್ನೊಂದು, ಹನ್ನೆರಡು ಎಂದು ಧಾರಾಳವಾಗಿ ಬರೆದೆ. ಆ ಕೆರೆಯ ಮೀನು ಎಂಟು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಹೀಗೆ ನಾಲ್ಕು ತಿಂಗಳಲ್ಲಿ ನಲವತ್ತು ಖಾಲಿ ಗುಳಿ.

ಸೋಮವಾರ ಊಟ ಮುಗಿಸಿ ಬಂದು ಕದ್ದು ನೋಡಿದರೆ ಬೆಣ್ಣೆಯ ಪುಸ್ತಕದಲ್ಲೂ ಹತ್ತು, ಹನ್ನೊಂದು, ಹನ್ನೆರಡು. ನನ್ನ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು ನೋಡಿ! ಅಷ್ಟು ಸುಖವನ್ನು ನಾನು ಆ ಊರಿನಲ್ಲಿ ಬೇರೆ ಯಾವುದರಲ್ಲೂ ಕಾಣಲಿಲ್ಲ. ಕನ್ನಡಕದವನು ಪ್ರತಿ ಶುಕ್ರವಾರ ಕೇಳುತ್ತಿದ್ದ, "ಈ ವಾರ?" ನಾನು ಪ್ರತಿ ಶುಕ್ರವಾರ, "ಮುಂದಿನ ವಾರ," ಎನ್ನುತ್ತಿದ್ದೆ.

ಬೆಣ್ಣೆ ಹಿಗ್ಗಿ ಹೀರೇಕಾಯಿಯಾದ. ಈ ಕೆರೆಯ ಮೀನು ಹನ್ನೆರಡು ವರ್ಷ ಬದುಕುತ್ತದೆ ಎಂಬುದೇ ಅವನ ಪ್ರಬಂಧದ ಜೀವಾಳವಾಯಿತು. ಇಬ್ಬರ ಎಣಿಕೆಯೂ ತಾಳೆಯಾಗಿದ್ದರಿಂದ ಮೇಡಂ ಕೂಡ ಅನುಮಾನ ಪಡಲಿಲ್ಲ. ಅವನ ಕೊನೆಯ ಸೆಮಿನಾರಿಗೆ ದಿನ ಗೊತ್ತಾಯಿತು. ಅದು ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ಬಂದು ಕೂರಬಹುದು. ಅಲ್ಲಿ ಮೇಡಂ ಇಟ್ಟುಕೊಂಡು ಬಂದ ಒಂದು ಪದ್ಧತಿಯಿದೆ: ಕೂತವರಲ್ಲಿ ಯಾರಾದರೂ ಒಂದು ನಂಬರ್ ಹೇಳಿದರೆ, ಪ್ರಬಂಧ ಮಂಡಿಸುವವನು ಆ ಕಲ್ಲನ್ನು ದೊಡ್ಡ ಪರದೆಯ ಮೇಲೆ ತೋರಿಸಿ ಎಲ್ಲರೆದುರು ಉಂಗುರ ಎಣಿಸಬೇಕು. ಶಾಸ್ತ್ರಕ್ಕೆಂದು ಯಾರೋ ಒಬ್ಬರು ಒಂದು ನಂಬರ್ ಕೇಳಿ ಚಪ್ಪಾಳೆ ಹೊಡೆಯುವುದು ವಾಡಿಕೆ.

ಮುಂದಿನ ಸಾಲಿನಲ್ಲಿ ಬೆಣ್ಣೆಯ ಅಪ್ಪ ಕಾಲಮೇಲೆ ಕಾಲು ಹಾಕಿ ಕೂತಿದ್ದರು. ಪಕ್ಕದಲ್ಲಿ ಹೆಡ್‌ಮಾಸ್ಟರರು. ನಾನು ಹಿಂದಿನ ಸಾಲಿನಲ್ಲಿದ್ದೆ, ನನ್ನ ಅಕ್ಕಪಕ್ಕ ಎರಡೆರಡು ಕುರ್ಚಿ ಖಾಲಿ. ಬೆಣ್ಣೆ ಮುಕ್ಕಾಲು ಗಂಟೆ ಜಾರುತ್ತಾ ಜಾರುತ್ತಾ ಮಾತಾಡಿದ. ಮುಗಿದ ಮೇಲೆ ನಾನು ಎದ್ದು ನಿಂತೆ.

"ಎಂಟುನೂರ ಹದಿನಾಲ್ಕು ತೋರಿಸಿ," ಎಂದೆ. "ಹನ್ನೆರಡು ವರ್ಷದ್ದು."

ಬೆಣ್ಣೆ ನಗುನಗುತ್ತಲೇ ತಟ್ಟೆ ಇಟ್ಟ. ಪರದೆಯ ಮೇಲೆ ಗುಳಿ ಬಂತು. ಗುಳಿಯ ತುಂಬ ಅಂಟು, ಅಂಟಿನಲ್ಲಿ ಎರಡು ಗಾಳಿಗುಳ್ಳೆ. ಅವನು ಅತ್ತ ಸರಿಸಿದ, ಇತ್ತ ಸರಿಸಿದ, ಕೆಮ್ಮಿದ. "ಇದ್ಯಾವುದೋ ಬಿದ್ದುಹೋಗಿದೆ," ಎಂದ.

"ಎಂಟುನೂರ ಇಪ್ಪತ್ತೊಂಬತ್ತು," ಎಂದೆ.

ಅದೂ ಖಾಲಿ. ಒಂಬೈನೂರ ಮೂರು. ಖಾಲಿ. ಹೀಗೆ ಒಂಬತ್ತನೇ ನಂಬರ್ ಕೇಳುವ ಹೊತ್ತಿಗೆ ತಟ್ಟೆ ಅವನ ಕೈಜಾರಿ ಕೆಳಗೆ ಬಿತ್ತು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ. "ನೀನು ಎಣಿಸಿದೆಯಾ ಇದನ್ನ?" ಎಂದು ಒಂದೇ ಮಾತು ಕೇಳಿದರು. ಬೆಣ್ಣೆ ಬಗ್ಗಿ ಬಿದ್ದ ತಟ್ಟೆಯನ್ನು ಹೆಕ್ಕತೊಡಗಿದ. ಅವನಪ್ಪ ಎದ್ದು, ಯಾರ ಮುಖವನ್ನೂ ನೋಡದೆ, ನಡುದಾರಿಯಲ್ಲಿ ನಡೆದು ಹೊರಟುಹೋದರು. ಹೆಡ್‌ಮಾಸ್ಟರರು ಹಿಂದೆಯೇ ಹೋದರು. ನಾನು ಬಾಗಿಲ ತನಕ ಅವರನ್ನು ಕಣ್ತುಂಬ ನೋಡಿದೆ.

ಬೆಣ್ಣೆ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡ. ಅಳುತ್ತಿದ್ದ. "ಅಪ್ಪ ನನ್ನನ್ನ ಮನೆಗೆ ಸೇರಿಸಲ್ಲ ಕಣೋ. ಯಾಕೋ ಹೀಗೆ ಮಾಡಿದೆ?"

"ನಿನ್ನ ಒಳ್ಳೇದಕ್ಕೇ," ಎಂದು ಕೈ ಕೊಡವಿಕೊಂಡೆ. ಕರುಣೆ ಬಂತೇ? ಇಲ್ಲ. ಇವತ್ತಿಗೂ ಬಂದಿಲ್ಲ.

ಮೇಡಂ ತಮ್ಮ ಕೋಣೆಗೆ ಕರೆದರು. ಲಕೋಟೆಗಳನ್ನು ಮೇಜಿನ ಮೇಲೆ ಜೋಡಿಸಿ, "ನಲವತ್ತೂ ಇವೆ ಮೇಡಂ, ಒಂದೂ ಕಳೆದಿಲ್ಲ," ಎಂದೆ. ಶಭಾಷ್ ಅನ್ನುತ್ತಾರೆ ಅಂದುಕೊಂಡಿದ್ದೆ, ಎಂಥ ಮೂರ್ಖ.

"ಅವನು ಕಾಪಿ ಮಾಡ್ತಾನೆ ಅಂತ ಯಾವಾಗಿಂದ ಗೊತ್ತು?"

"ಹೋದ ವರ್ಷದಿಂದ."

"ಆಗ ಮುಚ್ಚಿಟ್ಟೆ. ಆಮೇಲೆ ನಾಲ್ಕು ತಿಂಗಳು ನನ್ನ ಕಣ್ಣೆದುರಿಗೇ ಕೂತು ಸುಳ್ಳು ಬರೆದೆ."

"ಅವನಿಗಾಗಿ ಬರೆದದ್ದು ಮೇಡಂ."

"ಪುಸ್ತಕ ನನ್ನದು ಕಣಪ್ಪ. ಅದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ಇನ್ನು ನಾನು ಯಾರಿಗೆ ಆಣೆ ಮಾಡಿ ಹೇಳಲಿ?"

ಆಗ ಎಲ್ಲ ಹೇಳಿದೆ. ಟೀ, ಎಂಟು ದಿನ, ಎಸೆದ ತಟ್ಟೆ, ಅಪ್ಪನ ಫೋನು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನನಗೆ ಬಂದು ಹೇಳಬಹುದಿತ್ತು."

"ಏನಂತ ಹೇಳಲಿ ಮೇಡಂ? ನಾನು ಹೀಗೆ ಅಂತಲೇ?"

"ಹಾಗಂತಲೇ. ಕಚ್ಚಿಬಿಡ್ತಿದ್ದೆನಾ ನಾನು?"

ಇಡೀ ಊರನ್ನು ಒಂದೇ ಕಟ್ಟು ಕಟ್ಟಿ ಇಟ್ಟಿದ್ದೆ, ಅವರನ್ನೂ ಸೇರಿಸಿ. ಬೆಣ್ಣೆಯನ್ನು ಲ್ಯಾಬಿನಿಂದ ತೆಗೆದರು. ನನ್ನನ್ನು ತೆಗೆಯಲಿಲ್ಲ, ಆದರೆ ನನ್ನ ಪುಸ್ತಕವನ್ನು ರದ್ದು ಮಾಡಿದರು. ಒಂದನೇ ಕಲ್ಲಿನಿಂದ ಮತ್ತೆ ಶುರು ಮಾಡಬೇಕು, ಬೇರೆ ಸಂಸ್ಥೆಯವರು ಎರಡನೇ ಎಣಿಕೆ ಮಾಡುತ್ತಾರೆ. ಉಳಿದಿದ್ದ ಒಂದು ವರ್ಷ ಈಗ ಮೂರಾಯಿತು.

ಮಧ್ಯಾಹ್ನವೇ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಕನ್ನಡಕದವನಿಗೆ ಫೋನ್ ಮಾಡಿದೆ. ಗಾಳಿಗುಳ್ಳೆಯ ಕಥೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕ. ಬೆಣ್ಣೆಯ ಅಪ್ಪ ಎದ್ದುಹೋದದ್ದನ್ನು ಎರಡೆರಡು ಸಲ ಹೇಳಿಸಿಕೊಂಡ. ಆಮೇಲೆ, "ಸರಿ, ಇನ್ನೆಷ್ಟು ದಿನ?" ಎಂದ. ಹೇಳಿದೆ.

ಅವನ ಗಾಜು ಉಜ್ಜುವ ಯಂತ್ರ ನಿಂತಿತು.

"ನಾಲ್ಕು ತಿಂಗಳು ಪ್ರತಿ ಭಾನುವಾರ ನೀನು ಅವನ ಜೊತೆನೇ ಇದ್ದೆ," ಎಂದ. "ನನಗೆ ಒಂದು ಭಾನುವಾರ ಸಿಗಲಿಲ್ಲ."

"ನಿನಗೋಸ್ಕರಾನೂ ಮಾಡಿದ್ದು ಕಣೋ. ನೀನು ಉಂಡ ತಟ್ಟೆ ಎಸೆದರು ಅವರು."

"ನಾನು ಕೇಳಿದ್ನಾ? ತಟ್ಟೆ ಹೋದ್ರೆ ಹೋಗ್ಲಿ, ನೀನು ಬಾ ಅಂದಿದ್ದೆ ನಾನು."

"ಈ ಭಾನುವಾರ ಬರ್ತೀನಿ. ಖಂಡಿತ ಬರ್ತೀನಿ. ಬೆಳಗ್ಗಿನ ಬಸ್ಸಿಗೇ ಹೊರಡ್ತೀನಿ."

"ಗಿರಾಕಿ ಬಂದ್ರು, ಇಡ್ತೀನಿ," ಎಂದು ಇಟ್ಟ.

ಅವನ ಅಂಗಡಿಯ ಬಾಗಿಲಿಗೆ ಒಂದು ಗಂಟೆ ಕಟ್ಟಿದ್ದಾನೆ. ಯಾರು ಒಳಗೆ ಬಂದರೂ ಫೋನಿನಲ್ಲಿ ನನಗೆ ಕೇಳಿಸುತ್ತದೆ. ಅವತ್ತು ಅದು ಸದ್ದು ಮಾಡಲಿಲ್ಲ.