ಬಾಗಿಯ ತಲೆಗೆ ಹಚ್ಚಿದ ಹುಡಿ

ಅಂಗಿಯ ತೋಳಿನ ತುದಿಯಲ್ಲಿ ಒಂದು ಕಂದು ಗೆರೆ, ಕೋಕೋ ಇರಬೇಕು, ಬೆಳಿಗ್ಗೆ ಹೆಂಡತಿ ಬಾಗಿಯ ತಲೆಗೆ ಹುಡಿ ಹಚ್ಚುವಾಗ ಮೆತ್ತಿದ್ದು, ರೈಲಿನ ಸರಳು ಹಿಡಿದ ಕೈ ಮೂಗಿನ ಹತ್ತಿರವೇ ಇತ್ತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಲೋಕನಾಥ ಮೆಲ್ಲಗೆ ಮೂಸಿದ, ಹೌದು ಕೋಕೋ, ಅದರ ಹಿಂದೆ ಸಣ್ಣಗೆ ಲವಂಗ, ಅದರ ಹಿಂದೆ ಅವಳ ತಲೆಯ ಹನ್ನೆರಡು ದಿನದ ಎಣ್ಣೆ, ಮುಂಬಯಿ ಕಡೆಯ ಠಾಣೆ ಬಿಟ್ಟ ಪನ್ವೇಲ್ ಲೋಕಲ್ ಇನ್ನೂ ಸರಿಯಾಗಿ ಓಟ ಹಿಡಿದಿರಲಿಲ್ಲ, ಹನ್ನೊಂದೂವರೆಯ ಗಾಡಿ, ಸೀಟುಗಳು ಖಾಲಿ, ಆದರೂ ನಿಂತೇ ಇದ್ದ, ಐರೋಳಿ ಆದಮೇಲೆ ರಬಾಳೆ, ಎರಡು ಸ್ಟೇಷನ್ನಿಗೆ ಯಾಕೆ ಕೂರುವುದು, ಕೂತರೆ ಕಂಪನಿ ಕ್ಯಾಂಟೀನಿನ ಅಡುಗೆಯವನ ಬಿಳಿ ಪ್ಯಾಂಟಿಗೆ ಸುಕ್ಕು — ಮಲಗಿದಳಲ್ಲ, ಅದು ದೊಡ್ಡದು, ಕಿವಿಯ ಆಪರೇಷನ್ ಆದಂದಿನಿಂದ ಒಂದು ಗಂಟೆ ನೆಟ್ಟಗೆ ನಿದ್ದೆ ಮಾಡದವಳು ಹುಡಿ ಹಚ್ಚಿ ಬಾಚಿದ ಹತ್ತೇ ನಿಮಿಷಕ್ಕೆ ಗೊರಕೆ ಹೊಡೆದಳಲ್ಲ, ಮೂರು ವಾರ ಒಂದು ಹನಿ ನೀರು ತಾಗಬಾರದು ಅಂದಿದ್ದರು ಡಾಕ್ಟರು, ಕಿವಿಯ ಹಿಂದಿನ ಹೊಲಿಗೆ ಒದ್ದೆಯಾದರೆ ಒಳಗೆ ಹಚ್ಚಿದ ಪರದೆ ಹೋಯಿತು ಅಂತಲೇ ತಿಳಿಯಿರಿ, ಬಾಗಿ ಡಾಕ್ಟರ ಮುಂದೆ ತಲೆಯಾಡಿಸಿ ಬಂದಳು, ಎಂಟನೇ ದಿನಕ್ಕೆ ಶುರುವಾಯಿತು, ತಲೆಯೊಳಗೆ ಇರುವೆ ಗೂಡು ಕಟ್ಟಿದೆ ಮಾರಾಯ್ರೆ, ಕತ್ತರಿ ಕೊಡಿ ನನಗೆ, ನೀವು ಕೊಡದಿದ್ದರೆ ಬೇಡ, ಪಾರ್ಲರಿನವಳಿಗೆ ಹೇಳಿಯಾಗಿದೆ, ಇವತ್ತು ನಾಲ್ಕು ಗಂಟೆಗೆ ಬರ್ತಾಳೆ, ಬಾಯ್‌ಕಟ್ ಮಾಡಿಸಿಯೇ ಬಿಡ್ತೇನೆ, ಸೊಂಟ ದಾಟುವ ಕೂದಲು ಅದು, ಕಳವಾ ಸ್ಟೇಷನ್ನಿನ ಬಳಿಯ ಹತ್ತಡಿಯ ಒಂದೇ ಕೋಣೆಯ ಖೋಲಿಯಲ್ಲಿ ಒಣಗಿಸಲು ಜಾಗ ಸಾಲದೆ ಪ್ರತಿ ಭಾನುವಾರ ಚಾಳಿನ ಗ್ಯಾಲರಿಯ ಕಟಾಂಜನದ ಮೇಲೆ ಹರಡಿಕೊಂಡು ನಿಲ್ಲುತ್ತಿದ್ದಳು, ಕೆಳಗಿನ ಮನೆಯವರು ಅಯ್ಯೋ ಸೀರೆ ಅಂದುಕೊಂಡೆವು ಅನ್ನುತ್ತಿದ್ದರು, ಅವನು ಏನೂ ಅನ್ನುತ್ತಿರಲಿಲ್ಲ, ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನಿನ್ನ ಕೂದಲು ಚಂದ ಅಂತ ಹೇಳಿದವನಲ್ಲ, ಈಗ ಕತ್ತರಿ ಬಂತೆಂದ ಮೇಲೆ ಹೇಗೆ ಹೇಳುವುದು, ರಮಿತಾ ತಾನಾಗಿಯೇ ಮೊಬೈಲ್ ಹಿಡಿದು ಬಂದಳು, ಪಪ್ಪಾ ಏ ದೇಖೋ, ಡ್ರೈ ಶ್ಯಾಂಪೂ, ಪಾನೀ ಕಾ ಕಾಮ್ ಹೀ ನಹೀ, ಘರ್ ಪೇ ಬನ್‌ತಾ ಹೈ, ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಮಾತ್ರ ಹಿಂದಿ, ನೀರೇ ಬೇಡವಂತೆ, ಮನೆಯಲ್ಲೇ ಆಗುತ್ತದಂತೆ, ನಾಲ್ಕು ಚಮಚ ಆರಾರೂಟ್, ಒಂದು ಚಮಚ ಕೋಕೋ, ಕಪ್ಪು ಕೂದಲಲ್ಲಿ ಬಿಳಿ ಎದ್ದು ಕಾಣದ ಹಾಗೆ, ವಾಸನೆಗೆ ಏನಾದರೂ, ಬ್ರಷ್ಷಿನಿಂದ ಬೈತಲೆ ಬೈತಲೆ ತೆಗೆದು ಬುಡಕ್ಕೆ ಹಚ್ಚುವುದು, ಹತ್ತು ನಿಮಿಷ ಬಿಟ್ಟು ಬಾಚುವುದು, ಎಣ್ಣೆಯನ್ನೆಲ್ಲ ಅದೇ ಕುಡಿಯುತ್ತದೆ, ಆರಾರೂಟ್ ಎಲ್ಲಿಂದ ತರುವುದು ಅಂತ ಅವಳು ಗೂಗಲ್ ಮಾಡುತ್ತಿದ್ದರೆ ಅವನಿಗೆ ನಗು ಬಂತು, ಅದು ನಮ್ಮ ಕೂವೆ ಹುಡಿಯಲ್ಲವೇ ಮಗಾ, ಕಾರ್ಕಳದ ದೊಡ್ಡಮ್ಮ ನಿನ್ನ ಹೊಟ್ಟೆನೋವಿಗೆಂದು ಕಳಿಸುತ್ತಾರಲ್ಲ, ಮೇಲಿನ ಹಲಗೆಯಲ್ಲಿ ಬಾಟಲಿ ಇದೆ.

ಮೇಲಿನ ಹಲಗೆಯಲ್ಲಿ ಬಾಟಲಿ. ಯಾವ ಬಾಟಲಿ. ಗಾಡಿ ಈಗ ಓಟ ಹಿಡಿದಿದೆ, ಹೊರಗೆ ಖಾಡಿಯ ಹಿನ್ನೀರಿನ ಕಪ್ಪು ಕೆಸರು ಹಿಂದಕ್ಕೆ ಹೋಗುತ್ತಿದೆ, ಹಲಗೆಯಲ್ಲಿ ಎರಡು ಬಾಟಲಿ ಇವೆ, ಎರಡೂ ಕ್ಯಾಂಟೀನಿನಿಂದ ತಂದ ದೊಡ್ಡ ಕಾಫಿ ಬಾಟಲಿಗಳು, ಎರಡಕ್ಕೂ ಕಂದು ಮುಚ್ಚಳ, ಒಂದರಲ್ಲಿ ಕೂವೆ, ಇನ್ನೊಂದರಲ್ಲಿ ಬೋರಿಕ್ ಪೌಡರು, ಮೊನ್ನೆ ಭಾನುವಾರವಷ್ಟೇ ಕೆಳಗಿಳಿಸಿ ಮೈದಾ ಸಕ್ಕರೆ ಸೇರಿಸಿ ಜಿರಳೆಗೆ ಗುಳಿಗೆ ಕಟ್ಟಿದ್ದ, ಎಲ್ಲ ಹೋಟೆಲಿನವರ ಮನೆಯಲ್ಲೂ ಹಾಗೆಯೇ, ಗುಳಿಗೆ ಕಟ್ಟಿ ಉಳಿದದ್ದನ್ನು ಎಲ್ಲಿ ಇಟ್ಟೆ, ಎಡಕ್ಕೋ ಬಲಕ್ಕೋ, ಎಡಕ್ಕೆ ಕೂವೆ ಇರುವುದು ಯಾವಾಗಲೂ, ಆದರೆ ಮೊನ್ನೆ ಹಲಗೆ ಒರೆಸಿದವಳು ರಮಿತಾ, ಯಾವುದನ್ನು ಎಲ್ಲಿಟ್ಟಳೋ, ಕೇಳೋಣವೆಂದರೆ ಕ್ಲಾಸಿನಲ್ಲಿ ಅವಳ ಫೋನು ಬಂದ್ — ಚೀಟಿ ಅಂಟಿಸಬಹುದಿತ್ತು, ಯಾರು ಬೇಡ ಅಂದರು, ಸರ್ವೋತ್ತಮಣ್ಣ ಬೇಡ ಅಂದರು, ಡೊಂಬಿವಲಿಯ ಹೋಟೆಲಿನಲ್ಲಿ ಅವನಿಗೆ ಒಲೆ ಕಲಿಸಿದ ಹಿರಿಯ ಭಟ್ಟರು, ಡಬ್ಬಿಗೆ ಚೀಟಿ ಬೇಕಾದವ ಅಡುಗೆಯವನಲ್ಲವೋ, ಅವ ಗುಮಾಸ್ತ, ಎರಡು ಬೆರಳಲ್ಲಿ ಹಿಡಿದು ನೋಡು, ಮೈದಾ ಅಂಟುತ್ತದೆ, ಅಕ್ಕಿ ಹಿಟ್ಟು ತರಿ ತರಿ, ಕೂವೆ ಕಿರ್ ಅನ್ನುತ್ತದೆ, ಬೋರಿಕ್ ಸಾಬೂನಿನ ಹಾಗೆ ಜಾರುತ್ತದೆ, ಇಪ್ಪತ್ತೈದು ವರ್ಷ ಆ ಎರಡು ಬೆರಳು ಮೋಸ ಮಾಡಿಲ್ಲ, ಕಣ್ಣು ಮುಚ್ಚಿ ಹೇಳುತ್ತಿದ್ದ, ಹಾಗಾದರೆ ಇವತ್ತು ಬೆರಳು ಏನು ಹೇಳಿತು, ನೆನಪು ಮಾಡಿಕೊಳ್ಳಲು ನೋಡಿದ, ಹೆಬ್ಬೆರಳು ತೋರುಬೆರಳು ಗಾಳಿಯಲ್ಲಿ ಉಜ್ಜಿದ, ಎದುರು ಕೂತ ಕಾಲೇಜು ಹುಡುಗಿ ನೋಡಿದಳು, ಕೈ ಜೇಬಿಗೆ ಹಾಕಿದ, ಏನೂ ಹೇಳಲಿಲ್ಲ ಬೆರಳು, ಯಾಕೆಂದರೆ ಗ್ಲೌಸ್ ಇತ್ತು, ಕಂಪನಿಯ ಸೇಫ್ಟಿ ಸಾಹೇಬರು ಕೊಟ್ಟ ಗ್ಲೌಸ್, ಗಾಯದ ಹತ್ತಿರ ಬರಿಗೈ ಬೇಡ, ಸ್ವಚ್ಛ ಇರಲಿ ಎಂದು ತಾನೇ ಬುದ್ಧಿ ಓಡಿಸಿ ಹೊಸ ಜೋಡಿ ಹಾಕಿಕೊಂಡು, ಆಮೇಲೆ ಬಾಟಲಿ ಇಳಿಸಿದ್ದು, ಎಷ್ಟು ಜಾಗ್ರತೆ ನೋಡು ನಿನ್ನದು, ಜಾಗ್ರತೆಯಿಂದಲೇ ಕುರುಡನಾದೆ.

ಬೋರಿಕ್ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಬರೆದಿದ್ದದ್ದು ಅವನಿಗೆ ಗೊತ್ತು, ರಾತ್ರಿ ಶಾಲೆಯಲ್ಲಿ ಕಲಿತ ಇಂಗ್ಲಿಷು, ಅಕ್ಷರ ಅಕ್ಷರ ಕೂಡಿಸಿ ಓದುವುದು, ಬೇರೆಯವರು ಓದದೆ ಹರಿಯುವ ಪೊಟ್ಟಣವನ್ನು ಅವನು ಓದಿಯೇ ಹರಿಯುವುದು, ತೆರೆದ ಗಾಯಕ್ಕೆ ತಾಗಿಸಬಾರದು, ವಿಷ, ಓದಿ ಏನು ಬಂತು, ಕಿವಿಯ ಮೇಲೆ ಮಡಚಿಟ್ಟ ಕರ್ಚೀಫು ಒಮ್ಮೆ ಜಾರಿತ್ತು, ಒಂದೇ ಸಲ, ಅವನು ಫೂ ಎಂದು ಊದಿದ್ದ, ಹೊಲಿಗೆಯ ಕಡೆಗೇ ಊದಿದೆನೋ — ಫೋನು ತೆಗೆದ, ಬಾಗಿಗೆ ಕರೆ ಮಾಡಿದ, ರಿಂಗಾಯಿತು, ರಿಂಗಾಗಿ ನಿಂತಿತು, ಇನ್ನೊಮ್ಮೆ, ಇನ್ನೊಮ್ಮೆ, ಎತ್ತುವುದಿಲ್ಲ, ಹೇಗೆ ಎತ್ತುತ್ತಾಳೆ, ಆಪರೇಷನ್ ಆದ ಬಲಗಿವಿ ಮೇಲೆ ಬರುವ ಹಾಗೆ ಮಲಗಬೇಕು, ಅದರಲ್ಲಿ ಹತ್ತಿ ತುರುಕಿದೆ, ಕೇಳುವ ಎಡಗಿವಿ ದಿಂಬಿನೊಳಗೆ, ಹಾಗೆ ಮಲಗಿದರೆ ಅವಳ ಪಾಲಿಗೆ ಚಾಳಿನ ಪಕ್ಕದ ಕಾರ್‌ಶೆಡ್ಡಿನ ರೈಲುಗಾಡಿಯೂ ಇಲ್ಲ ಲೋಕವೂ ಇಲ್ಲ, ಹಾಗೇ ಇರಬೇಕು, ಇಲ್ಲದಿದ್ದರೆ, ಇಲ್ಲದಿದ್ದರೆ ಆ ನಿದ್ದೆ, ಹನ್ನೆರಡು ದಿನ ಬರದ ನಿದ್ದೆ ಹತ್ತು ನಿಮಿಷಕ್ಕೆ ಬಂದದ್ದು ಯಾಕೆ, ಅದು ನಿದ್ದೆಯೇ ಹೌದೋ — ಐರೋಳಿ ಬಂತು, ಅವನು ಇಳಿದುಬಿಟ್ಟ, ಇಳಿದ ಮೇಲೆ ಇಳಿದೆನೆಂದು ತಿಳಿಯಿತು, ಗಾಡಿ ರಬಾಳೆಯ ಕಡೆಗೆ ಹೋಯಿತು, ಕ್ಯಾಂಟೀನಿಗೆ ಫೋನು ಮಾಡಿ ಸರ್, ಮನೆಯಲ್ಲಿ ಸ್ವಲ್ಪ ಅರ್ಜೆಂಟು ಎಂದ, ಇಪ್ಪತ್ತು ಸಲ ಸಾರಿ ಅಂದಿರಬೇಕು, ಸೇತುವೆ ಹತ್ತಿ ಇಳಿದು ಠಾಣೆಯ ಗಾಡಿಗೆ ನಿಂತ, ಆಗ ಪಕ್ಕದ ಖೋಲಿಯ ದಮಯಂತಿಯ ನಂಬರು ನೆನಪಾಯಿತು, ವಿಜಾಪುರ ಕಡೆಯ ಹೆಂಗಸು, ಫೋನಿನಲ್ಲೂ ಬಾವಿಯೊಳಗಿನವರನ್ನು ಕರೆದ ಹಾಗೆ ಮಾತಾಡುತ್ತಾಳೆ, ಏನ್ ಅಣ್ಣಾರ, ಬಾಗಿಲಾ ಮುಂದಕ ಮಾಡ್ಯಾರ, ಕಿಡಕ್ಯಾಗಿಂದ ಕಾಣ್ತಾರ, ಮಲಗ್ಯಾರ, ಎಬ್ಬಸ್ಲೇನು? ಎಬ್ಬಿಸಿ ಏನು ಹೇಳುವುದು, ತಲೆ ತೊಳೆ ಅನ್ನಲೇ, ತೊಳೆದರೆ ಕಿವಿ ಹೋಯಿತು, ತೊಳೆಯದಿದ್ದರೆ ವಿಷ ಗಾಯಕ್ಕೆ ಇಳಿಯಿತು, ಎರಡರ ನಡುವೆ ಅವಳ ಬೈತಲೆ ಕಾಣುತ್ತದೆ, ಬಾಚಿದ ಮೇಲೂ ಉಳಿದ ತಿಳಿ ಧೂಳು, ಬೇಡ ದಮಯಂತಿಬಾಯಿ, ಉಸಿರಾಡುತ್ತಿದ್ದಾಳಾ ಅದೊಂದು ನೋಡಿ, ಅಂದುಬಿಟ್ಟ, ಆ ಕಡೆ ಜೋರು ನಗು, ಎಂಥಾ ಗಂಡಸರ ನೀವು, ಗೊರಕಿ ನನ್ನ ಖೋಲಿತನಾ ಕೇಳಸ್ತೈತಿ, ಹೆಂಡ್ತಿ ಮಲಗಿದ್ರ ಸತ್ತಾಳೇನ ಅಂತ ಕೇಳ್ತೀರಲ್ಲ, ನಿಮ್ಮಂಥವ್ರು ಎಲ್ಲಿ ಸಿಗ್ತಾರ!

ಗೊರಕೆ ಇದೆ, ಉಸಿರಿದೆ, ಠಾಣೆಯಲ್ಲಿ ಪ್ಲಾಟ್‌ಫಾರ್ಮ್ ಹತ್ತರಿಂದ ಒಂದಕ್ಕೆ ಓಡುತ್ತ ಅವನು ಅದನ್ನೇ ಹಿಡಿದುಕೊಂಡ, ಕಳವಾ ಒಂದೇ ಸ್ಟೇಷನ್ನು, ಆದರೆ ಗಾಡಿ ಸಿಗ್ನಲ್ಲಿಗೆ ಖಾಡಿ ಸೇತುವೆಯ ಮೇಲೆ ನಿಂತಿತು, ಮನೆಗೆ ಹೋಗಿ ಏನು ಮಾಡುತ್ತೀ, ಬಾಟಲಿ ಎರಡನ್ನೂ ಬೆರಳಲ್ಲಿ ಮುಟ್ಟಿ ಇದು ಕೂವೆ ಇದು ಬೋರಿಕ್ ಅನ್ನುತ್ತೀ, ಸರಿ, ಆದರೆ ಬೆಳಿಗ್ಗೆ ಇಳಿಸಿದ್ದು ಯಾವುದನ್ನು ಅಂತ ಬಾಟಲಿ ಹೇಳುತ್ತದೆಯೇ, ಎರಡೂ ಅರ್ಧರ್ಧ, ಕಲೆಸಿದ್ದು ಬಟ್ಟಲಲ್ಲಿ ಉಳಿದಿದೆ, ಎರಡು ಚಮಚದಷ್ಟು, ತಟ್ಟೆ ಮುಚ್ಚಿಟ್ಟಿದ್ದೇನೆ, ಆದರೆ ಅದರಲ್ಲಿ ಕೋಕೋ ಇದೆ, ಲವಂಗದ ಹುಡಿ ಇದೆ, ಬೆರಳಿಗೆ ಎಲ್ಲ ಒಂದೇ, ನಾಲಿಗೆಗೆ ಇಡಲೇ, ಇಡಬಹುದು, ಕೋಕೋ ಕಹಿಯಲ್ಲಿ ಏನು ತಿಳಿಯುತ್ತದೆ — ಗಾಡಿ ಹೊರಟಾಗ ಹೊಳೆಯಿತು, ಹೊಳೆದದ್ದು ಇಷ್ಟು ಸುಲಭವಾಗಿತ್ತೆಂದರೆ ನಾಚಿಕೆಯಾಯಿತು, ಕಾಸಿದರೆ ಆಯಿತಲ್ಲ, ಕೂವೆಯಾದರೆ ಗಟ್ಟಿಯಾಗುತ್ತದೆ, ಬೋರಿಕ್ಕು ಯುಗಗಟ್ಟಲೆ ಕಾಸಿದರೂ ನೀರು ನೀರೇ, ಕೋಕೋ ಒಂದೇ ಗಟ್ಟಿಯಾಗುವುದಿಲ್ಲ, ಕಂಪನಿಯ ಗೆಸ್ಟುಗಳಿಗೆ ಎಷ್ಟು ಕಾಸಿ ಕೊಟ್ಟಿಲ್ಲ, ನೀನು ಅಡುಗೆಯವನಲ್ಲವೇನೋ ಲೋಕನಾಥಾ, ಡಾಕ್ಟರನ ಹಾಗೆ ಯೋಚಿಸುತ್ತಾ ಕೂತೆ, ಅಡುಗೆಯವನ ಹಾಗೆ ಯೋಚಿಸಲಿಲ್ಲ.

ಬಾಗಿಲು ದೂಡಿದರೆ ಬಾಗಿ ಎದ್ದು ಕೂತಿದ್ದಳು, ದಮಯಂತಿ ಹೇಳಿಬಿಟ್ಟಿರಬೇಕು, ನಗುತ್ತಿದ್ದಳು, ಕೇಳುವ ಕಿವಿ ಅವನ ಕಡೆಗೆ ತಿರುಗಿಸಿ, ಎಂಚಿನ, ಏನಿದು ಮಾರಾಯ್ರೆ, ಡ್ಯೂಟಿ ಬಿಟ್ಟು ನನ್ನ ಉಸಿರು ಲೆಕ್ಕ ಮಾಡ್ಲಿಕ್ಕೆ ಬಂದದ್ದಾ, ಅವನು ಚಪ್ಪಲಿ ಬಿಡದೆಯೇ ಹತ್ತಿರ ಬಂದ, ಉರಿ ಇದೆಯಾ, ಹೊಲಿಗೆಯ ಹತ್ತಿರ ಉರಿ ಇದೆಯಾ ಹೇಳು ಮೊದಲು, ಉರಿಯೂ ಇಲ್ಲ ತುರಿಯೂ ಇಲ್ಲ, ಪಾರ್ಲರಿನವಳಿಗೆ ಬರಬೇಡ ಅಂತ ಫೋನು ಮಾಡಿಯಾಯಿತು, ಯಾಕೆ ಕೇಳಿದ್ದು, ಯಾಕೆಂದು ಹೇಳುವ ಧೈರ್ಯ ಅವನಿಗೆ ಇನ್ನೂ ಬಂದಿಲ್ಲ, ಕೂದಲು ಬಿಚ್ಚಿ ಎದೆಯ ಮೇಲೆ ಹಾಕಿಕೊಂಡಿದ್ದಾಳೆ, ಹಗುರಾಗಿ, ಒಂದೊಂದು ಎಳೆ ಬೇರೆ ಬೇರೆಯಾಗಿ, ನೋಡಬಾರದು ಈಗ, ಮೊದಲು ಒಲೆ, ಬಟ್ಟಲಿನ ಹುಡಿ ಸಣ್ಣ ಪಾತ್ರೆಗೆ ಸುರಿದು ಅರ್ಧ ಲೋಟ ನೀರು ಹಾಕಿ ಗ್ಯಾಸು ಹಚ್ಚಿದ, ಏನು ಮಾಡ್ತಿದ್ದೀರಿ, ಅದು ನನ್ನ ತಲೆಯದ್ದಲ್ವಾ, ಸುಮ್ಮನಿರು ಬಾಗಿ ಒಂದು ನಿಮಿಷ, ಕಂದು ನೀರು, ಚಮಚ ತಿರುಗಿಸಿದ, ನೀರೇ, ಇನ್ನೂ ನೀರೇ, ಅಂಚಿನಲ್ಲಿ ನೊರೆ, ನೊರೆಗೆ ಅರ್ಥವಿಲ್ಲ, ನೊರೆ ಕೋಕೋದ್ದು, ಆವಿ ಎದ್ದಿತು, ಲವಂಗದ ಘಾಟು, ಚಮಚ ಸಲೀಸಾಗಿ ತಿರುಗುತ್ತಿದೆ, ಇಷ್ಟು ಸಲೀಸು ಇರಬಾರದು, ಇಷ್ಟು ಹೊತ್ತಿಗೆ ಆಗಬೇಕಿತ್ತು, ಉರಿ ಸಣ್ಣದಿದೆ, ದೊಡ್ಡದು ಮಾಡಲೇ, ಬೇಡ, ತಿರುಗಿಸು, ಎಲ್ಲವನ್ನೂ ಹೇಳಿಬಿಡುತ್ತೇನೆ, ಟ್ಯಾಕ್ಸಿ ಮಾಡಿ ಡಾಕ್ಟರಲ್ಲಿಗೆ ಹೋಗುವ, ತಪ್ಪು ನನ್ನದು ಸರ್ ಎನ್ನುತ್ತೇನೆ, ಬಾಗಿ ಹಿಂದೆ ಬಂದು ನಿಂತು ಇಣುಕಿದಳು, ಅವಳ ಕೂದಲ ತುದಿ ಅವನ ಮೊಣಕೈಗೆ ತಾಗಿತು, ಒಣ ಕೂದಲು, ಆಗ ಚಮಚ ಒಮ್ಮೆ ತಡೆಯಿತು, ಯಾರೋ ತಳದಿಂದ ಹಿಡಿದ ಹಾಗೆ, ಬಿಟ್ಟಿತು, ಮತ್ತೆ ಹಿಡಿಯಿತು, ಅವನ ಕೈಗೆ ಗೊತ್ತಾಯಿತು, ಕಣ್ಣಿಗಿಂತ ಮೊದಲು, ಗ್ಲೌಸಿಲ್ಲದ ಕೈಗೆ, ನಡುವಿನಿಂದ ಒಂದು ಗುಳ್ಳೆ ಎದ್ದಿತು, ನೀರಿನ ಗುಳ್ಳೆಯಲ್ಲ, ದಪ್ಪ ಗುಳ್ಳೆ, ಉಬ್ಬಿ, ಹೊಳೆದು, ಒಡೆಯಲಾರದೆ ನಿಂತು, ಪ್ಳಕ್ ಎಂದು ಬಿತ್ತು, ಅದರ ಜಾಗದಲ್ಲಿ ಕುಳಿ, ಕುಳಿ ನಿಧಾನವಾಗಿ ಮುಚ್ಚಿತು, ಇನ್ನೊಂದು ಎದ್ದಿತು, ಕೂವೆ, ಕೂವೆಯೇ, ದೇವರೇ ಕೂವೆಯೇ, ಅವನು ಕಟ್ಟೆಗೆ ಸೊಂಟ ಕೊಟ್ಟ, ಈ ಹೊತ್ತಿಗೆ ಕ್ಯಾಂಟೀನಿನಲ್ಲಿ ಸಾಂಬಾರಿಗೆ ಉಪ್ಪು ಯಾರು ನೋಡಿದರೋ, ನಾಳೆ ಬಯ್ಯಲಿ, ಬಯ್ದರೆ ಬಯ್ಯಲಿ, ಎರಡು ಬಾಟಲಿಗೂ ಚೀಟಿ ಅಂಟಿಸುತ್ತೇನೆ, ಗುಮಾಸ್ತನಾದರೆ ಆಗಲಿ, ಬೋರಿಕ್ಕನ್ನು ಹೊರಗೇ ಇಡುತ್ತೇನೆ, ಕಣ್ಣಲ್ಲಿ ನೀರು ಯಾಕೆ ನಿಮಗೆ, ಬಾಗಿ ಕೇಳುತ್ತಿದ್ದಳು, ಘಾಟಾ, ಹೌದು ಘಾಟು, ಸ್ವಲ್ಪ ಬೆಲ್ಲ ಹಾಕಿದರೆ ತಿನ್ಲಿಕ್ಕಾಗ್ತದಲ್ವಾ ಇದು, ಹಸಿವಾಗ್ತದೆ ಮಾರಾಯ್ರೆ, ಎಷ್ಟು ದಿನದ ಮೇಲೆ ಹಸಿವಾಗ್ತದೆ ನೋಡಿ, ಅವನಿಗೆ ಹೇಳಬೇಕೆಂದಿತ್ತು, ಹುಡಿಯ ಕತೆ, ಐರೋಳಿಯ ಕತೆ, ನಿನ್ನ ಕೂದಲು ಚಂದ ಅಂತಲೂ ಹೇಳಬೇಕೆಂದಿತ್ತು, ಚಮಚ ಹಿಡಿದೇ ನಿಂತ, ಗ್ಯಾಸು ಆರಿಸಬೇಕೆಂದೂ ಹೊಳೆಯಲಿಲ್ಲ, ಗುಳ್ಳೆ ಎದ್ದಿತು, ಉಬ್ಬಿತು, ಹೊಳೆಯಿತು, ಬಿತ್ತು, ಮುಚ್ಚಿತು, ಮತ್ತೆ ಎದ್ದಿತು, ದಪ್ಪಗೆ, ಕಂದಾಗಿ, ಒಡೆಯದೆ ನಿಂತ ಗುಳ್ಳೆ —