ಇಪ್ಪತ್ತಾರು ಡಿಗ್ರಿ

ಕಮಲಾವತಿ ಗಾಜಿನ ಪೆಟ್ಟಿಗೆಗೆ ಅಂಗೈ ಒತ್ತಿದಳು. ತಣ್ಣಗಿತ್ತು. ಒಳಗೆ ಬಲ್ಬು ಉರಿಯುತ್ತಿತ್ತು, ಮರಳೆಲ್ಲ ಬೆಳ್ಳಗೆ ಕಾಣುತ್ತಿತ್ತು. ಆದರೆ ಮೂಲೆಯ ಥರ್ಮಾಮೀಟರಿನ ಮುಳ್ಳು ಇಪ್ಪತ್ತರಲ್ಲಿ ನಿಂತಿತ್ತು.

"ಭವಿತ್, ಈ ಬಲ್ಬು ಯಾರು ಹಾಕಿದ್ದು?"

"ನಾನೇ ದೊಡ್ಡಮ್ಮ. ನಿನ್ನೆ ಫ್ರೀಜರ್ ಒಳಗೆ ತರುವಾಗ ಈ ಪೆಟ್ಟಿಗೆಗೆ ತಾಗಿ ಹಳೇ ಬಲ್ಬು ಒಡೆದುಹೋಯ್ತು. ಕೂಡ್ಲೇ ಎಲ್‌ಇಡಿ ಹಾಕಿದೆ. ಒಳ್ಳೆ ಬೆಳಕುಂಟಲ್ಲ?"

"ಬೆಳಕು ಯಾರಿಗೆ ಬೇಕಿತ್ತು ಮಾರಾಯ! ಇದು ಬಿಸಿ ಆಗುದಿಲ್ಲ."

ಚಾವಡಿಯಲ್ಲಿ ಎರಡು ಗಾಜಿನ ಪೆಟ್ಟಿಗೆಗಳಿದ್ದವು. ದೊಡ್ಡದು ಬಾಡಿಗೆಯ ಫ್ರೀಜರ್, ಅದರಲ್ಲಿ ಅವಳ ಗಂಡ ಕುಶಾಲಪ್ಪ ಮಲಗಿದ್ದ. ಮೂವತ್ತೈದು ವರ್ಷ ಲೈನ್‌ಮ್ಯಾನ್ ಆಗಿದ್ದವನು, ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಲ್ಲೇ ತೀರಿಹೋಗಿದ್ದ. ಹುಬ್ಬಳ್ಳಿಯಿಂದ ಮಗಳು ಬರುವವರೆಗೆ ಅವನನ್ನು ತಂಪಾಗಿಡಬೇಕಿತ್ತು. ಸಣ್ಣದರಲ್ಲಿ, ಖಾಲಿ ಶಂಖವನ್ನೇ ಮನೆ ಮಾಡಿಕೊಳ್ಳುವ ಅವನ ಸನ್ಯಾಸಿ ಏಡಿ ಇತ್ತು. ಅದನ್ನು ಬೆಚ್ಚಗಿಡಬೇಕಿತ್ತು.

"ಹಳೇ ನಮೂನೆಯ ಬಲ್ಬು ಬೇರೆ ಇಲ್ವ?" ಭವಿತ್ ಕೇಳಿದ.

"ಒಡೆದದ್ದೇ ಕಡೇದು. ಗುತ್ತಿಗಾರಿನಲ್ಲಿ ಸಿಕ್ಕುದಿಲ್ಲ ಅಂತ ಇವರು ಸುಳ್ಯವೆಲ್ಲ ಹುಡುಕಿ ತಂದದ್ದು."

"ಬೈಕಿನಲ್ಲಿ ಹೋಗಿ ನೋಡ್ತೇನೆ."

"ನೀನು ಹೆಗಲು ಕೊಡುವವ. ಎಲ್ಲಿಗೂ ಹೋಗ್ಬೇಡ."

*

ಏಡಿಯನ್ನು ತಂದದ್ದು ಮೊಮ್ಮಗಳು ತೃಷಾ. ಎರಡು ವರ್ಷದ ಹಿಂದೆ ರಜೆಯಲ್ಲಿ ಬಂದಾಗ ಪುತ್ತೂರಿನ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಹಟ ಹಿಡಿದು ಕೊಂಡಿದ್ದಳು. ಹುಬ್ಬಳ್ಳಿಗೆ ಹೊರಡುವಾಗ ಚಾರ್ಜರ್ ನೆನಪಿತ್ತು, ಏಡಿ ಮರೆತುಹೋಯಿತು.

ಮೊದಲ ಚಳಿಗೆ ಏಡಿ ಶಂಖದೊಳಗೆ ಸೇರಿ ಅಲುಗಾಡದೆ ಬಿದ್ದಿತು. ಕುಶಾಲಪ್ಪ ಫೋನಿನಲ್ಲಿ ಎರಡು ದಿನ ವಿಡಿಯೋ ನೋಡಿದ. ಆಮೇಲೆ ಬಿಸ್ಕತ್ತಿನ ತಗಡು ಕತ್ತರಿಸಿ ಮರೆ ಮಾಡಿ ಅರವತ್ತು ವ್ಯಾಟಿನ ಬಲ್ಬು ಕೂರಿಸಿದ. ಥರ್ಮಾಮೀಟರಿನಲ್ಲಿ ಇಪ್ಪತ್ತಾರರ ಎದುರು ಕೆಂಪು ಗೀಟು ಹಾಕಿದ.

ಅಂದಿನಿಂದ ಅವನು ಬೆಳ್ಳಾರೆಗೆ ಹೋಗಲಿ, ಸುಳ್ಯಕ್ಕೆ ಹೋಗಲಿ, ಹನ್ನೊಂದು ಗಂಟೆಗೆ ಫೋನ್ ಬರುತ್ತಿತ್ತು.

"ಎಷ್ಟುಂಟು?"

"ಇಪ್ಪತ್ತಾರು."

ಅಷ್ಟಕ್ಕೇ ಕಟ್.

"ನನಗೆ ಜ್ವರ ಬಂದಾಗ ಒಮ್ಮೆಯಾದ್ರೂ ಎಷ್ಟುಂಟು ಕೇಳಿದ್ದೀರಾ?" ಎಂದು ಅವಳು ಒಂದು ಸಲ ಚುಚ್ಚಿದ್ದಳು.

"ಸೌಖ್ಯ ಇಲ್ಲದಿದ್ರೆ ನೀನು ಬೈತಿ, ನನಗೆ ಗೊತ್ತಾಗ್ತದೆ. ಇದು ಬೈಯುದಿಲ್ಲಲ್ಲ."

ಮೂರು ವಾರದ ಹಿಂದೆ ಏಡಿ ಪೊರೆ ಕಳಚಲು ಮರಳೊಳಗೆ ಹೂತುಕೊಂಡಿತು. "ಅದು ತಾನಾಗಿ ಮೇಲೆ ಬರುವವರೆಗೆ ಮುಟ್ಲಿಕ್ಕಿಲ್ಲ, ಬಿಸಿ ಇಳಿಬಾರ್ದು. ಈಗ ತಣಿದ್ರೆ ಒಳಗೇ ಸಾಯ್ತದೆ" ಎಂದಿದ್ದ.

*

ಮಗಳು ಯಶಸ್ವಿ ಬಂದಳು, ಫ್ರೀಜರಿನ ಮೇಲೆ ಬಿದ್ದು ಅತ್ತಳು. ಅವಳನ್ನು ಎಬ್ಬಿಸಿ, ಹೆಣವನ್ನು ಮೀಯಿಸಲು ಅಂಗಳಕ್ಕೆ ತಂದರು. ಏಡಿಯ ಪೆಟ್ಟಿಗೆಗೆ ಇಡಲು ನೀರು ಕಾಯಿಸೋಣವೆಂದು ಕಮಲಾವತಿ ಅಡುಗೆಮನೆಗೆ ಹೋಗಿ ಹಾಗೇ ವಾಪಸು ಬಂದಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ನೆರೆಯ ಜೈನಬಮ್ಮನ ಮನೆ ತೋಡಿನ ಆಚೆ ದಡದಲ್ಲಿ. ಅಲ್ಲಿಂದ ನೀರು ತರುವಷ್ಟರಲ್ಲಿ ಅದೂ ತಣಿಯುತ್ತದೆ. ಅಂಗಳದಲ್ಲಿ ಮೂರು ಕಲ್ಲಿನ ಮೇಲೆ ಹಂಡೆ ಹಬೆಯಾಡುತ್ತಿತ್ತು.

ಅವಳು ಎರಡು ಸ್ಟೀಲ್ ಬಾಟಲಿ ಹಿಡಿದು ಇಳಿದದ್ದನ್ನು ಕುಶಾಲಪ್ಪನ ಅಕ್ಕ ಪೂವಕ್ಕ ನೋಡಿದಳು.

"ಎಂತ ಮಾಡುದು ಕಮಲಾ? ಹೆಣಕ್ಕೆ ಕಾಯಿಸಿದ ನೀರದು. ಉಳಿದ್ರೆ ಚೆಲ್ಲಿ ಹಂಡೆ ಕವುಚಿ ಹಾಕುದು. ಒಳಗೆ ಕೊಂಡುಹೋಗ್ಲಿಕ್ಕಿಲ್ಲ."

"ಒಂದು ಚೆಂಬು ಕಮ್ಮಿ ಮಿಂದ್ರೆ ಇವರೇನೂ ಬೈಯುದಿಲ್ಲ ಅತ್ತಿಗೆ."

"ಜನ ಎಂತ ಹೇಳ್ಲಿಕ್ಕಿಲ್ಲ! ಸೂತಕ ಅಂತ ಒಂದಿಲ್ವ?"

"ಏಡಿಗೆ ಎಂತ ಸೂತಕ? ಇವರ ಏಡಿ ಅದು. ಇವರ ಹಿಂದೆಯೇ ಅದೂ ಸಾಯುದು ಬೇಡ."

ಪೂವಕ್ಕ ತಮ್ಮನ ಮುಖ ನೋಡಿದಳು. ಆಮೇಲೆ ಚೆಂಬನ್ನು ತಾನೇ ಹಂಡೆಗೆ ಅದ್ದಿದಳು.

"ಬಾಟಲಿ ಓರೆ ಹಿಡಿ. ಕೈ ಸುಟ್ಟುಕೊಳ್ತಿ."

ಕಮಲಾವತಿ ಬಾಟಲಿಗಳಿಗೆ ಅವನ ಹಳೆಯ ಖಾಕಿ ಅಂಗಿ ಸುತ್ತಿ, ಏಡಿ ಹೂತ ಮೂಲೆ ಬಿಟ್ಟು ಪೆಟ್ಟಿಗೆಯೊಳಗೆ ಇಟ್ಟಳು. ಮೇಲೆ ಕಂಬಳಿ ಹೊದಿಸಿ ಆಗಾಗ ಒಂದು ಬದಿ ಎತ್ತಿ ಇಣುಕಿದಳು. ಇಪ್ಪತ್ತೊಂದು. ಇಪ್ಪತ್ತಮೂರು.

ಹೊರಗೆ ಮೀಯಿಸಿ ಆಯಿತು. ಬಾಯಿಗೆ ನೀರು ಬಿಡಲು ಕರೆದಾಗ ಹೋಗಿ ಬಿಟ್ಟು, ಮುಖ ಒರೆಸಿ, ಮತ್ತೆ ಒಳಗೆ ಬಂದಳು. ಇಪ್ಪತ್ತೈದು.

"ಗಂಡನನ್ನು ಎತ್ತುವಾಗ ಅವಳೆಂತ ಒಳಗೆ ಕೂತದ್ದು?" ಯಾರೋ ಅಂದರು.

"ನಿಮ್ಮ ಕೆಲಸ ನೀವು ಮಾಡಿ" ಎಂದಳು ಪೂವಕ್ಕ.

ಚಟ್ಟ ಮೇಲೆದ್ದಿತು. ಮುಂದೆ ಬಲಗಡೆ ಭವಿತ್ ಹೆಗಲು ಕೊಟ್ಟಿದ್ದ. ಅಂಗಳ ದಾಟಿದರು. ತೋಟದ ಕಡೆ ಇಳಿಯುವ ದಾರಿಗೆ ತಿರುಗಿದರು.

ಕಮಲಾವತಿ ಜಗಲಿಗೆ ಓಡಿ ಬಂದಳು. ಸಿಗ್ನಲ್ ಇಲ್ಲದ ಫೋನಿನಲ್ಲಿ ಕೂಗುವ ಹಾಗೆ ಕೂಗಿದಳು.

"ಇಪ್ಪತ್ತಾರು!"

ಹೊತ್ತವರು ಬೆಚ್ಚಿ ಒಂದು ಹೆಜ್ಜೆ ತಡೆದರು. ಭವಿತ್ ಹೆಗಲು ಸರಿಮಾಡಿಕೊಂಡ. ಚಟ್ಟ ದಾರಿ ಬದಿಯ ಕರೆಂಟು ಕಂಬ ದಾಟಿ ಕೆಳಗಿಳಿಯಿತು.